ಕಮ್‌ಬ್ಯಾಕ್ ಆಲ್ಬಂ ಮಿಕ್ಸ್ ಮಾಡುವಾಗ ನಾನು ಕೇಳುವ ಎರಡು ಹಾಡು

ರೆಕಾರ್ಡ್ ಆದ ದನಿ, ಡ್ರಮ್, ಬೇಸ್ ಎಲ್ಲ ಹದವಾಗಿ ಸೇರಿಸುವ ಮಿಕ್ಸಿಂಗ್ ಕೆಲಸದಲ್ಲಿ ರೆಫರೆನ್ಸ್ ಟ್ರ್ಯಾಕ್, ಅಂದರೆ ಮಾದರಿ ಹಾಡು, ದಿನಾ ಇದ್ದದ್ದೇ. "ಸರ್, ಇದರ ಥರ ಕೇಳಿಸಬೇಕು" ಅಂತ ಮೊಬೈಲ್‌ನಲ್ಲಿ ಯಾವುದೋ ಹಾಡು ಹಾಕುತ್ತಾರೆ. ಹೊಸಬರು ಕೇಳಿದರೆ ತಕರಾರಿಲ್ಲ. ಆದರೆ ಒಂದು ಕಾಲಕ್ಕೆ ಹಿಟ್ ಕೊಟ್ಟು, ಮರೆಯಾಗಿ, ಮತ್ತೆ ಬಂದ ರ‍್ಯಾಪರ್‌ಗಳು ಹೀಗೆ ಕೇಳಿದರೆ ನಾನು ಅಮೆರಿಕದ ರ‍್ಯಾಪರ್ ವೆನಿಲಾ ಐಸ್ ಕತೆ ತೆಗೆಯುತ್ತೇನೆ.

1990ರಲ್ಲಿ ಅಮೆರಿಕದಲ್ಲಿ ಅವನದೇ ಹವಾ. ಅಲ್ಲಿನ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೇರಿದ ಮೊಟ್ಟಮೊದಲ ಹಿಪ್‌ಹಾಪ್ ಹಾಡು ಅವನ 'ಐಸ್ ಐಸ್ ಬೇಬಿ'. ಆ ಹಾಡಿದ್ದ ಆಲ್ಬಂ 16 ವಾರ ಆಲ್ಬಂಗಳ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿತ್ತು. ಆಮೇಲೆ ಡಾ. ಡ್ರೆ, ಸ್ನೂಪ್ ಡಾಗ್ ಥರದ ರ‍್ಯಾಪರ್‌ಗಳು, ಗಾಂಜಾ ಹಾಡಿಗೆ ಹೆಸರಾದ ಸೈಪ್ರೆಸ್ ಹಿಲ್ ತಂಡದವರು ಬಂದರು. ವೆನಿಲಾ ಐಸ್‌ನ ಹೊಳೆಯುವ ಪ್ಯಾಂಟು, ಎತ್ತರಕ್ಕೆ ನಿಲ್ಲಿಸಿದ ಕೂದಲು ನಗೆಪಾಟಲಾಯಿತು. 1994ರಲ್ಲಿ ಅವನು 'ಮೈಂಡ್ ಬ್ಲೋಯಿನ್' ಆಲ್ಬಂ ತಂದ. ತಲೆ ತುಂಬ ಜಡೆಗಟ್ಟಿದ ಕೂದಲು, ಬಾಯಲ್ಲಿ ಗಾಂಜಾ ಹಾಡು. ಬಿಲ್‌ಬೋರ್ಡ್‌ನ 200 ಆಲ್ಬಂಗಳ ಪಟ್ಟಿಯಲ್ಲಿ ಅದಕ್ಕೆ ಕಡೇ ಸ್ಥಾನವೂ ಸಿಗಲಿಲ್ಲ.

ಆ ಆಲ್ಬಂ ಹೆಡ್‌ಫೋನ್ ಹಾಕಿ ಕೇಳಿ, ರೆಕಾರ್ಡಿಂಗ್‌ಗೆ ಹೆಸರಿಡುವ ಹಾಗಿಲ್ಲ. ಬೇಸ್ ದಪ್ಪಗಿದೆ, ಡ್ರಮ್ ಸರಿಯಾಗಿ ಕೂತಿದೆ. ತೊಂದರೆ ಇರೋದು ದನಿಯಲ್ಲಿ. 'ಐಸ್ ಐಸ್ ಬೇಬಿ'ಯ ಬೇಸ್ ಲೈನ್ ಬ್ರಿಟನ್ನಿನ ಕ್ವೀನ್ ತಂಡ ಮತ್ತು ಗಾಯಕ ಡೇವಿಡ್ ಬೋವಿ ಹಾಡಿನಿಂದ ಎತ್ತಿದ್ದು, ನಿಜ. ಆದರೆ ಮೇಲಿನ ಮಾತು ಅವನದು. ಬಿಡಿಬಿಡಿಯಾಗಿ, ಮಕ್ಕಳೂ ಬಾಯಿಪಾಠ ಮಾಡುವಷ್ಟು ಸಲೀಸು. 1994ರ ಹಾಡುಗಳಲ್ಲಿ ಸೈಪ್ರೆಸ್ ಹಿಲ್ ನೆರಳೇ ಜಾಸ್ತಿ. ಅವರ ಹಾಡು ಬೇಕಾದವರು ಅವರದನ್ನೇ ಕೊಳ್ಳುತ್ತಾರೆ, ಅಲ್ವಾ? ಅದೇ ವರ್ಷ, 1990ರ ಇನ್ನೊಬ್ಬ ದೊಡ್ಡ ರ‍್ಯಾಪರ್ ಹ್ಯಾಮರ್ ಕೂಡ ಅದೇ ದಾರಿ ಹಿಡಿದ. ಇಷ್ಟು ಕೆಟ್ಟದಾಗಿ ಬೀಳಲಿಲ್ಲ, ಆದರೆ ಕೋಟಿ ಲೆಕ್ಕದಲ್ಲಿ ಆಲ್ಬಂ ಮಾರಿದವನು ಲಕ್ಷಕ್ಕೆ ಇಳಿದ.

ಅದಕ್ಕೇ ಕಮ್‌ಬ್ಯಾಕ್ ಕೆಲಸ ಬಂದರೆ ನಾನು ಎರಡು ರೆಫರೆನ್ಸ್ ಕೇಳುತ್ತೇನೆ. ಈಗ ಓಡುತ್ತಿರುವ ಹಾಡು ಒಂದು, ಅವರದೇ ಹಳೇ ಹಿಟ್ ಇನ್ನೊಂದು. ಎರಡನ್ನೂ ಹೊಸ ಹಾಡಿನ ಲೆವೆಲ್‌ಗೆ, ಅಂದರೆ ಅಷ್ಟೇ ಜೋರಿಗೆ, ತಂದು, ಬದಲಿಸಿ ಬದಲಿಸಿ ಕೇಳಿಸುತ್ತೇನೆ. ಲೆವೆಲ್ ಸರಿ ಮಾಡಲೇಬೇಕು. ಇಲ್ಲದಿದ್ದರೆ ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಡ್ರಮ್, ಬೇಸ್ ಈ ಕಾಲದ್ದೇ ಇರಲಿ. ಬಾಯಿ ತೆರೆದ ಕೂಡಲೇ ಯಾರು ಅಂತ ಗೊತ್ತಾಗಬೇಕು, ಅಷ್ಟೆ.

ಮೊನ್ನೆ ಒಬ್ಬರು "ಆ ಹಳೇ ಹಾಡು ಕೇಳಿದ್ರೆ ನನಗೇ ನಾಚಿಕೆ ಆಗುತ್ತೆ ಸರ್" ಅಂದರು. ಆಗಲಿ ಬಿಡಿ, ದನಿಯ ಶ್ರುತಿ ತಿದ್ದುವ ಆಟೋಟ್ಯೂನ್ ಇಲ್ಲದೆ, ಮುಂಚೆ ಸಾಲಿನ ಕೊನೆಗೆ ಎಳೀತಿದ್ರಲ್ಲ, ಹಾಗೇ ಒಂದು ಟೇಕ್ ಕೊಡಿ ಅಂದೆ. ಗೊಣಗಿಕೊಂಡೇ ಕೊಟ್ಟರು. ಅವರು ಕೇಳಿದ ಥರದ್ದು, ಈ ಟೇಕಿನದು, ಎರಡೂ ಮಿಕ್ಸ್ ಕಳಿಸಿದ್ದೇನೆ. ಯಾವುದನ್ನು ಬಿಡುಗಡೆ ಮಾಡುತ್ತಾರೆ ಅಂತ ಇನ್ನೂ ಹೇಳಿಲ್ಲ.