ಟೀ ಕುಡಿದ ಮೇಲೆ ಬಂದ್ ಆಗುವ ಕಂಪ್ಯೂಟರ್

ನಮ್ಮ ಮನೆ ಇರೋದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಒಂದು ಜೀನ್ಸ್ ಯೂನಿಟ್ಟಿನ ಮೇಲಿನ ಮಹಡಿ. ಕೆಳಗೆ ಹದಿನಾಲ್ಕು ಹೊಲಿಗೆ ಮೆಷಿನ್, ಮೇಲೆ ನಾನು ಮತ್ತು ನನ್ನ ಕಂಪ್ಯೂಟರ್. ಕೆಳಗಿನವರದೂ ಸೇರಿ ಒಂಬತ್ತು ಯೂನಿಟ್ಟುಗಳ ಲೆಕ್ಕ ನಾನೇ ಬರೆಯೋದು. ಜಾಬ್‌ವರ್ಕ್ ಬಿಲ್ಲು, ಝಿಪ್ಪು-ಗುಂಡಿ-ದಾರದ ಖರೀದಿ, ವಾಶಿಂಗಿಗೆ ಹೋಗಿ ಬಂದ ಪ್ಯಾಂಟುಗಳ ಲೆಕ್ಕ. ತಿಂಗಳ ಹನ್ನೊಂದಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, ಇಪ್ಪತ್ತಕ್ಕೆ ತೆರಿಗೆ ಕಟ್ಟೋ 3ಬಿ. ಒಂದು ದಿನ ತಡವಾದರೂ ಐವತ್ತು ರೂಪಾಯಿ ದಂಡ. ದುಡ್ಡು ದೊಡ್ಡದಲ್ಲ, ಆದರೆ ಆ ಐವತ್ತು ರೂಪಾಯಿಗೆ ಯೂನಿಟ್ ಓನರ್ ಕೊಡೋ ನೋಟ ಇರುತ್ತಲ್ಲ, ಅದು ತಡೆಯೋಕಾಗಲ್ಲ.

ಕಂಪ್ಯೂಟರ್ 2010ರ ದೀಪಾವಳಿಗೆ ಜೋಡಿಸಿದ್ದು. ಕೋರ್ 2 ಡ್ಯುಯೋ, ಡಿಡಿಆರ್2 ರ‍್ಯಾಮ್ ನಾಲ್ಕು ಜಿಬಿ. ನಡುವೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ 10ಕ್ಕೆ ಏರಿಸಿದ್ದೆ. ವಿಂಡೋಸ್ 11 ಇದಕ್ಕೆ ಬರಲ್ಲ ಅಂತ ಗೊತ್ತು. ಬರದೇ ಇರಲಿ ಬಿಡಿ, ಲೆಕ್ಕ ಬರೆಯೋ ಟ್ಯಾಲಿ ಓಡುತ್ತೆ, ಜಿಎಸ್‌ಟಿ ಪೋರ್ಟಲ್ ತೆರೆಯುತ್ತೆ, ನನಗೆ ಇನ್ನೇನು ಬೇಕು.

ಹೋದ ಬೇಸಿಗೆಯಲ್ಲಿ ಅದಕ್ಕೆ ಕಾಯಿಲೆ ಶುರುವಾಯ್ತು. ಎಂಟ್ರಿ ಹಾಕ್ತಾ ಇರ್ತೀನಿ, ಸೂಚನೆ ಇಲ್ಲ, ನೀಲಿ ಪರದೆ ಇಲ್ಲ, ಪಟ್ ಅಂತ ಬಂದ್. ಆಕ್ಸೆಪ್ಟ್ ಕೊಟ್ಟ ಎಂಟ್ರಿಗಳು ಉಳೀತಿದ್ವು, ಅರ್ಧ ತುಂಬಿದ್ದು ಹೋಗ್ತಿತ್ತು. ನಾಲ್ಕನೇ ಸಲ ಬಿದ್ದಾಗ ಟ್ಯಾಲಿ ಒಂದು ಕಂಪನಿಯ ಡೇಟಾ ತೆರೆಯೋಕೇ ಒಪ್ಪಲಿಲ್ಲ, ರಿಪೇರ್ ಕೊಟ್ಟ ಮೇಲೆ ದಾರಿಗೆ ಬಂತು. ಅವತ್ತು ತಾರೀಕು ಹದಿನೆಂಟು. ನನ್ನ ಹೊಟ್ಟೆಯಲ್ಲಿ ಏನಾಗಿರಬೇಡ!

ಸಲಹೆಗಳಿಗೆ ಬರಗಾಲ ಇಲ್ಲ. ವೈರಸ್ ಅಂದರು. ಬಿಸಾಕಿ ಲ್ಯಾಪ್‌ಟಾಪ್ ತಗೋ ಅಂದರು. ನಮ್ಮತ್ತೆ ನಿಂಬೆಹಣ್ಣು ಕಟ್ಟು ಅಂದರು. ನಾನು ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿಗೆ, ಅಂದರೆ ಎಸ್‌ಎಂಪಿಎಸ್‌ಗೆ, ಮೀಟರ್ ಹಿಡಿದು "ಎಸ್‌ಎಂಪಿಎಸ್ ಚೆನ್ನಾಗೈತೆ ಮೇಡಂ, ವಿಂಡೋಸ್ ಕೆಟ್ಟೈತೆ" ಅಂತ ಫಾರ್ಮ್ಯಾಟ್ ಹೊಡೆದು ಐನೂರು ತಗೊಂಡರು. ಮನೆಗೆ ತಂದ ಮೂರನೇ ದಿನ ಮತ್ತೆ ಪಟ್. ಅವತ್ತಿಂದ ಒಂದು ತೀರ್ಮಾನ ಮಾಡಿದೆ: ಬರೆದಿಡ್ತೀನಿ. ಲೆಕ್ಕ ಬರೆಯೋಳಿಗೆ ಬರೋದು ಅದೊಂದೇ ವಿದ್ಯೆ.

ಹಳೇ ಕ್ಯಾಶ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಬರೆದೆ. ತಾರೀಕು, ಸಮಯ, ಏನು ಮಾಡ್ತಿದ್ದೆ, ಬಿದ್ದ ಮೇಲೆ ಏನಾಯ್ತು. ಈ ಕೊನೇ ಖಾನೆ ಮೊದಲು ಇರಲಿಲ್ಲ, ಎರಡು ದಿನ ಆದ ಮೇಲೆ ಸೇರಿಸಿದ್ದು. ಯಾಕಂದರೆ ಬೀಳೋದರಲ್ಲೇ ಎರಡು ಥರ ಇದೆ ಅನ್ನೋದು ಆಗ ಕಂಡಿತು. ಕೆಲವು ಸಲ ಬಂದ್ ಆದರೆ ಬಂದ್, ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದರೆ ಮಾತ್ರ ಏಳೋದು, ಬೇಗ ಒತ್ತಿದರೆ ಎದ್ದು ಮತ್ತೆ ಮಲಗೋದು. ಇನ್ನು ಕೆಲವು ಸಲ ಬಿದ್ದ ತಕ್ಷಣ ತಾನೇ ಎದ್ದು ರೀಸ್ಟಾರ್ಟ್ ಆಗೋದು.

ಆದದ್ದನ್ನೆಲ್ಲ ಬರೆದಿಡೋ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದರೆ ಎರಡಕ್ಕೂ ಒಂದೇ ಮಾತು: ಕರ್ನಲ್-ಪವರ್, 41. ಬಗ್‌ಚೆಕ್ ಕೋಡ್ ಸೊನ್ನೆ. ಇದರರ್ಥ ಇಷ್ಟೇ, "ನನ್ನನ್ನು ಸರಿಯಾಗಿ ಬಂದ್ ಮಾಡಿರಲಿಲ್ಲ, ಯಾಕೆ ಅಂತ ಬರೆದಿಡೋಕೂ ಪುರಸೊತ್ತು ಕೊಡಲಿಲ್ಲ." ವಿಂಡೋಸೇ ಕೆಟ್ಟಿದ್ದರೆ ಸಾಮಾನ್ಯವಾಗಿ ನೀಲಿ ಪರದೆಯ ಕೋಡ್ ಅಲ್ಲಿ ಬಿದ್ದಿರುತ್ತೆ. ಸೊನ್ನೆ ಅಂದರೆ ಕರೆಂಟಿನ ಕಡೆ ನೋಡು ಅಂತ. ಐನೂರು ರೂಪಾಯಿ ನೆನಪಾಗಿ ಹೊಟ್ಟೆ ಉರೀತು. ಆದರೂ ರ‍್ಯಾಮ್ ಕಿತ್ತು ರಬ್ಬರಿನಿಂದ ಬಂಗಾರದ ಬಣ್ಣದ ಹಲ್ಲುಗಳನ್ನ ಉಜ್ಜಿ ಕೂರಿಸಿದೆ. ರಾತ್ರಿಯಿಡೀ ಅದನ್ನ ಪರೀಕ್ಷಿಸೋ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ತಪ್ಪಿಲ್ಲ. ಆ ಲೆಕ್ಕ ಅಲ್ಲಿಗೆ ಮುಗೀತು.

ಮಲಗಿ ಏಳದೇ ಇರೋ ಥರದ್ದು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೇ ಆಗ್ತಿತ್ತು. ನಮ್ಮೂರಿನ ಬಿಸಿಲಿನ ಬಗ್ಗೆ ಹೇಳೋದೇನು, ಬಳ್ಳಾರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಆ ಹೊತ್ತಿಗೆ ನನ್ನ ತಲೆಯೇ ಓಡಲ್ಲ, ಪ್ರೊಸೆಸರ್ ಎಲ್ಲಿ ಓಡೀತು? ಬೀಳೋಕೆ ಐದು ನಿಮಿಷ ಮೊದಲು ಟೈಪ್ ಮಾಡಿದ ಅಕ್ಷರ ನಿಧಾನಕ್ಕೆ ಮೂಡೋದು ಕೂಡ ಗಮನಕ್ಕೆ ಬಂತು. ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತೆ, ಅದಕ್ಕೂ ಬಗ್ಗದಿದ್ದರೆ ತಾನು ಸುಡಬಾರದು ಅಂತ ಕರೆಂಟನ್ನೇ ಕಡಿಸುತ್ತೆ.

ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿದೆ.

ಫ್ಯಾನ್ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಇರಬೇಕಲ್ಲ, ಇರಲಿಲ್ಲ. ಅಲ್ಲಿದ್ದದ್ದು ಒಂದು ನೀಲಿ ಕಂಬಳಿ. ಸುಳ್ಳಲ್ಲ, ನೀಲಿ. ಕೆಳಗೆ ಹೊಲಿಯೋ ಡೆನಿಮ್ಮಿನ ಜುಂಗು ಮೆಟ್ಟಿಲು ಹತ್ತಿ ಬಂದು, ವರ್ಷಗಟ್ಟಲೆ ಆ ಫ್ಯಾನಿನ ಬಾಯಿಗೆ ಸಿಕ್ಕು, ಪದರ ಪದರ ಕೂತು, ಒತ್ತಾಗಿ ಕಂಬಳಿ ಆಗಿತ್ತು. ಉಗುರಿನಿಂದ ಒಂದು ಮೂಲೆ ಹಿಡಿದು ಎಳೆದರೆ ದೋಸೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಮೇಲ್ಗಡೆ ತಿಳಿ ನೀಲಿ, ತಳದಲ್ಲಿ ಕಪ್ಪು ನೀಲಿ. ಯಾವ ವರ್ಷ ಯಾವ ಬಣ್ಣದ ಬಟ್ಟೆ ಜಾಸ್ತಿ ಹೊಲಿದರು ಅಂತ ಅದನ್ನ ನೋಡಿ ಹೇಳಬಹುದಿತ್ತು. ಮಗಳು ಅದನ್ನ ಬೆಂಕಿಪೊಟ್ಟಣದಲ್ಲಿ ಹಾಕಿ ಸ್ಕೂಲಿಗೆ ತಗೊಂಡು ಹೋದಳು.

ಉಳಿದ ಧೂಳಿಗೆ ಕೆಳಗಿನಿಂದ ಮೆಷಿನ್ ಊದೋ ಬ್ಲೋವರ್ ಇಸ್ಕೊಂಡು ಬಂದೆ. ಊದುವಾಗ ಫ್ಯಾನಿನ ರೆಕ್ಕೆಗೆ ಬಾಚಣಿಗೆಯ ಹಿಡಿ ಅಡ್ಡ ಇಟ್ಟಿದ್ದೆ. ಬಿಟ್ಟರೆ ಗಾಳಿಗೆ ಫ್ಯಾನ್ ಹುಚ್ಚಾಪಟ್ಟೆ ತಿರುಗುತ್ತೆ, ಬೇರಿಂಗಿಗೂ ಬೋರ್ಡಿಗೂ ಒಳ್ಳೇದಲ್ಲ. ಆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್ ಸಿಂಕನ್ನ ಮುಟ್ಟಿದರೆ ಅಲ್ಲಾಡ್ತಾ ಇತ್ತು. ಅದನ್ನ ಬೋರ್ಡಿಗೆ ಹಿಡಿದಿಡೋದು ನಾಲ್ಕು ಪ್ಲಾಸ್ಟಿಕ್ ಗೂಟ, ತಲೆ ಒತ್ತಿದರೆ ಟಕ್ ಅಂತ ಕಚ್ಚಬೇಕು. ನಾಲ್ಕರಲ್ಲಿ ಒಂದು ಯಾವ ಕಾಲಕ್ಕೋ ಬಿಟ್ಟಿತ್ತು. ಕಿತ್ತು ನೋಡಿದರೆ ಕೆಳಗಿನ, ಬಿಸಿ ದಾಟಿಸೋ ಪೇಸ್ಟು ಒಣಗಿದ ವಿಭೂತಿ ಥರ ಪುಡಿಪುಡಿ. ಸ್ಪಿರಿಟ್ ಹಚ್ಚಿ ಒರೆಸಿ, ಹೊಸ ಪೇಸ್ಟು ಕಡಲೆಬೇಳೆ ಗಾತ್ರ ನಡುವೆ ಇಟ್ಟು, ಗೂಟಗಳನ್ನ ಮೂಲೆಯಿಂದ ಮೂಲೆಗೆ ಎದುರುಬದುರಾಗಿ ಒತ್ತಿದೆ. ನಾಲ್ಕು ಸಲ ಟಕ್. ಕಂಪ್ಯೂಟರ್ ಏಳುವಾಗಿನ ಬಯೋಸ್ ಪರದೆಯಲ್ಲಿ ಪ್ರೊಸೆಸರ್ ಬಿಸಿ ಮೊದಲು 84 ಡಿಗ್ರಿ ತೋರಿಸ್ತಿದ್ದದ್ದು ಅದೇ ಮಧ್ಯಾಹ್ನ ಅದೇ ಕೋಣೆಯಲ್ಲಿ 53.

ಗೆದ್ದೆ ಅಂದ್ಕೊಂಡೆ. ಮಾರನೇ ದಿನ ಬೆಳಗ್ಗೆ ಒಂಬತ್ತೂವರೆಗೆ ಪಟ್. ತಾನೇ ಎದ್ದು ರೀಸ್ಟಾರ್ಟ್.

ಕ್ಯಾಶ್ ಬುಕ್ ತೆಗೆದು ಮಧ್ಯಾಹ್ನದವನ್ನೆಲ್ಲ ಹೊಡೆದುಹಾಕಿ ಉಳಿದದ್ದನ್ನ ನೋಡಿದೆ. 9:30. 11:20. 4:25. ಮತ್ತೆ 9:35. ಮತ್ತೆ 11:20. ಗಂಟೆ ಹೊಡೆದ ಹಾಗೆ. ಆ ಹೊತ್ತಿಗೆ ನಾನೇನು ಮಾಡ್ತಿದ್ದೆ ಅನ್ನೋ ಖಾನೆಯಲ್ಲಿ ಎರಡು ಕಡೆ "ಟೀ ಕುಡಿದೆ" ಅಂತ ನಾನೇ ಬರೆದಿದ್ದೀನಿ. ಕೆಳಗಿನವರಿಗೆ ಟೀ ತರೋ ಹುಡುಗ ನನಗೂ ಒಂದು ಗ್ಲಾಸ್ ಮೇಲೆ ತಂದಿಡ್ತಾನೆ. ನಾನು ಕುಡಿದು ಗ್ಲಾಸ್ ಕೆಳಗಿಟ್ಟರೆ ಕಂಪ್ಯೂಟರ್ ಬೀಳುತ್ತೆ. ಮನೆಯವರಿಗೆ ಹೇಳಿದರೆ "ಅದಕ್ಕೂ ಅರ್ಧ ಗ್ಲಾಸ್ ಹಾಕು" ಅಂದರು.

ಭಾನುವಾರ ಕೆಳಗೆ ರಜೆ. ಅವತ್ತು ನಾನೇ ಟೀ ಮಾಡ್ಕೊಂಡು ಕುಡಿದೆ, ಏನೂ ಆಗಲಿಲ್ಲ. ಆಗ ಹೊಳೀತು. ಟೀ ಮುಗಿದ ಮೇಲೆ ಹದಿನಾಲ್ಕು ಜನ ಒಟ್ಟಿಗೆ ಮೆಷಿನ್ ಮೇಲೆ ಕೂತು ಮೋಟರ್ ಸ್ವಿಚ್ ಹಾಕ್ತಾರೆ, ಐರನ್ ಮಾಡೋನು ಬಾಯ್ಲರ್ ಹಾಕ್ತಾನೆ. ಮೋಟರ್ ಏಳುವಾಗ ಎಳೆಯೋ ಕರೆಂಟು ಓಡುವಾಗ ಎಳೆಯೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಲೈನು ಒಂದು ಕ್ಷಣ ಕುಸಿಯುತ್ತೆ, ನನ್ನ ಯುಪಿಎಸ್ ಟಕ್ ಅಂತ ಬ್ಯಾಟರಿಗೆ ಹೊರಳುತ್ತೆ. ಆ ಟಕ್ ಸದ್ದು ಎಷ್ಟು ವರ್ಷದಿಂದ ಕೇಳಿದ್ದೆ ಅಂದರೆ ಈಗ ಕೇಳಿಸೋದೇ ನಿಂತಿತ್ತು.

ಯುಪಿಎಸ್ ಬ್ಯಾಟರಿ ಸತ್ತಿರಬೇಕು ಅಂತ ಹೊಸ 12 ವೋಲ್ಟಿನ ಬ್ಯಾಟರಿ ಹಾಕಿಸಿದೆ. ಇದು ನನ್ನ ತಪ್ಪು, ಯಾರ ಮೇಲೂ ಹಾಕಲ್ಲ. ಯಾಕಂದರೆ ಬೀಳುವಾಗ ಮಾನಿಟರ್ ಒಂದು ಸಲವೂ ಆರಿರಲಿಲ್ಲ, ಅದೂ ಅದೇ ಯುಪಿಎಸ್‌ನಲ್ಲೇ ಇರೋದು. ಕಣ್ಣೆದುರಿಗೆ ಸಾಕ್ಷಿ ಕೂತಿತ್ತು, ನಾನು ಕೇಳಲಿಲ್ಲ. ಹೊಸ ಬ್ಯಾಟರಿ ಬಂದ ಮೇಲೂ 11:20ಕ್ಕೆ ಪಟ್.

ತಂಗಿ ಮಗನ ಸಿಪಿಯು ತರಿಸಿ ಅದೇ ಯುಪಿಎಸ್‌ಗೆ ಹಾಕಿ, ಗೋಡೆಯ ಸ್ವಿಚ್ ಐದು ಸಲ ಆರಿಸಿದೆ. ಅದು ಮಿಸುಕಲಿಲ್ಲ. ನನ್ನದನ್ನ ಹಾಕಿ ಆರಿಸಿದೆ, ಐದರಲ್ಲಿ ಮೂರು ಸಲ ರೀಸ್ಟಾರ್ಟ್. ಅಂದರೆ ರೋಗ ಇರೋದು ಎಸ್‌ಎಂಪಿಎಸ್‌ನಲ್ಲಿ. ಆದರೆ ಅಂಗಡಿಯವರ ಮೀಟರ್ ಯಾಕೆ ಸರಿ ಅಂತು?

ಉತ್ತರ ಕೊಟ್ಟದ್ದು ಕೆಳಗಿನವರ ಮೋಟರ್ ರಿಪೇರಿಗೆ ಬರೋ ಚಾಚಾ. ಹಿಂದೆ ಟಿವಿ ಬಿಚ್ಚುತ್ತಿದ್ದವರು, ಈಗ ಸಿಕ್ಕಿದ್ದೆಲ್ಲ ಬಿಚ್ಚುತ್ತಾರೆ. ಅವರೂ ಹಳದಿ ವೈರಿಗೆ ಮೀಟರ್ ಹಿಡಿದರು, 11.9 ತೋರಿಸ್ತು. 12 ವೋಲ್ಟಿನ ಸಾಲಿನಲ್ಲಿ 11.4ರಿಂದ 12.6ರವರೆಗೆ ಇದ್ದರೆ ಸರಿ ಅಂತಲೇ ಲೆಕ್ಕ.

"ಮೀಟರು ನಿಧಾನದ್ದಮ್ಮ. ನೀನು ಕಣ್ಣು ಮಿಟುಕಿಸೋದರೊಳಗೆ ಆಗೋದು ಅದಕ್ಕೆ ಕಾಣಂಗಿಲ್ಲ" ಅಂದರು.

ನಾನೇ ಎಸ್‌ಎಂಪಿಎಸ್ ಡಬ್ಬಿ ಬಿಚ್ಚೋಕೆ ಹೊರಟಿದ್ದೆ, ಕೈ ಹಿಡಿದು ತಡೆದರು. "ಪ್ಲಗ್ ಕಿತ್ರೂ ಒಳಗೆ ಮುನ್ನೂರು ವೋಲ್ಟ್ ಕೂತಿರ್ತೈತೆ. ಇದು ನಿನ್ನ ಕೆಲಸ ಅಲ್ಲ." ದೊಡ್ಡ ಕೆಪ್ಯಾಸಿಟರ್ ಖಾಲಿ ಮಾಡಿಕೊಂಡು ಆಮೇಲೆ ತೋರಿಸಿದರು. ತಲೆ ಚಪ್ಪಟೆ ಇರಬೇಕಾದದ್ದು ಪೂರಿ ಥರ ಉಬ್ಬಿತ್ತು, ಬುಡದಲ್ಲಿ ಕಂದು ಬಣ್ಣದ ಅಂಟು. ಯುಪಿಎಸ್ ಲೈನಿನಿಂದ ಬ್ಯಾಟರಿಗೆ ಹೊರಳೋಕೆ ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಈ ಕೆಪ್ಯಾಸಿಟರ್ ತನ್ನಲ್ಲಿ ತುಂಬಿಟ್ಟಿದ್ದನ್ನ ಕೊಟ್ಟು ನಡೆಸಬೇಕು. ಒಳ್ಳೇ ಸ್ಥಿತಿಯಲ್ಲಿದ್ದರೆ ಹದಿನಾರು ಹದಿನೇಳು ಮಿಲಿಸೆಕೆಂಡ್ ತಡೆಯುತ್ತೆ. ನಮ್ಮದಕ್ಕೆ ಅಷ್ಟು ಉಸಿರು ಉಳಿದಿರಲಿಲ್ಲ. ಈ ಜಾತಿಯ ಕೆಪ್ಯಾಸಿಟರಿಗೆ ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತೆ. ಎಸ್‌ಎಂಪಿಎಸ್ ಫ್ಯಾನಿನ ಜಾಲರಿ ನೋಡಿದರೆ ಅಲ್ಲೂ ನೀಲಿ ಕಂಬಳಿ.

ಕೆಪ್ಯಾಸಿಟರ್ ಬದಲಾಯಿಸಿ ಕೊಡ್ತೀನಿ ಅಂದರು ಚಾಚಾ. ಹದಿನೈದು ವರ್ಷದ್ದು, ಒಂದು ಬದಲಾಯಿಸಿದರೆ ನಾಳೆ ಇನ್ನೊಂದು ಅಂತ ಅವರೇ ಮತ್ತೆ ಬೇಡ ಅಂದರು. ಹೊಸ ಎಸ್‌ಎಂಪಿಎಸ್ ಹಾಕಿಸಿದೆ, ಕೂಲಿ ಸೇರಿ ಎರಡು ಸಾವಿರದ ಒಳಗೆ. ಚಾಚಾನಿಗೆ ದುಡ್ಡು ಕೊಡೋಕೆ ಹೋದರೆ ಒಗ್ಗಾಣಿ ಮಿರ್ಚಿ ತರಿಸು ಸಾಕು ಅಂದರು. ತರಿಸಿದೆ.

ಮಿರ್ಚಿ ತಿನ್ನುವಷ್ಟರಲ್ಲಿ ನಾಲ್ಕರ ಟೀ ಬಂತು. ನನಗೆ ಕಾಯೋ ತಾಳ್ಮೆ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೆಳಗಿನ ಮಾಸ್ಟರಿಗೆ ಕೂಗಿ ಹೇಳಿದೆ, ಎಲ್ಲರೂ ಒಟ್ಟಿಗೇ ಸ್ವಿಚ್ ಹಾಕಿ, ಬಾಯ್ಲರೂ ಹಾಕಿ ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಓಡಿಬಂದು ಟ್ಯಾಲಿಯಲ್ಲಿ ಅರ್ಧ ತುಂಬಿದ ಎಂಟ್ರಿ ತೆರೆದಿಟ್ಟು ಕೂತೆ. ಕೆಳಗೆ ಹದಿನಾಲ್ಕು ಮೋಟರು ಗುಂಯ್ ಅಂದವು, ಟ್ಯೂಬ್‌ಲೈಟು ಕಣ್ಣು ಹೊಡೀತು, ಯುಪಿಎಸ್ ಟಕ್ ಅಂತು. ಕರ್ಸರ್ ಇದ್ದಲ್ಲೇ ಮಿಣುಕ್ತಾ ಇತ್ತು.

"ಅಕ್ಕಾ, ಆಯ್ತಾ? ಹೊಲೀಬೋದಾ?" ಅಂತ ಕೆಳಗಿಂದ ಕೂಗು.

"ಇನ್ನೊಂದು ಸಲ ಆರಿಸಿ ಹಾಕ್ರಪ್ಪಾ" ಅಂದೆ.