ಗುಂಡನ ಬೆನ್ನಿನ ಗಾಯ

ಆ ಭಾನುವಾರ ಬೆಳಿಗ್ಗೆ ಗುಂಡ ಊಟಕ್ಕೆ ಬರಲಿಲ್ಲ. ನಮ್ಮ ಮನೆಯಲ್ಲಿ ಇದು ಸಣ್ಣ ಸುದ್ದಿ ಅಲ್ಲ. ಡಬ್ಬಿ ಕೈಗೆ ತಗೊಂಡರೆ ಸಾಕು, ಗಾಜಿಗೆ ಮೂತಿ ಒತ್ತಿಕೊಂಡು ನಿಲ್ಲುವವನು ಅವನು. ಗುಂಡ ಅಂದರೆ ಒರಾಂಡಾ ಜಾತಿಯ ಗೋಲ್ಡ್‌ಫಿಶ್. ಬಿಳಿ ಮೈ, ತಲೆ ಮೇಲೆ ಬೂಂದಿ ಲಾಡು ಪುಡಿ ಮಾಡಿ ಅಂಟಿಸಿದ ಹಾಗೆ ಕೆಂಪು ಗಡ್ಡೆ. ತುಮಕೂರಿನ ನಮ್ಮ ಮನೆಯ ಹಾಲಿನಲ್ಲಿ ಟಿವಿಗಿಂತ ಜಾಸ್ತಿ ಜನ ನೋಡುವುದು ಅವನನ್ನೇ.

ಮೂಲೆಯಲ್ಲಿ ನಿಂತಿದ್ದ. ಮೇಲಿನ ರೆಕ್ಕೆ ಮಡಚಿಕೊಂಡಿತ್ತು. ಟಾರ್ಚ್ ಹಾಕಿ ನೋಡಿದೆ. ಬೆನ್ನಿನ ಎಡಗಡೆ ಹುಣಸೆ ಬೀಜದಷ್ಟು ಜಾಗದಲ್ಲಿ ಹುರುಪೆಗಳೇ ಇರಲಿಲ್ಲ. ಸುತ್ತ ಕೆಂಪು. ನಡುವೆ ಹೂಬತ್ತಿಯ ತುದಿಯ ಹಾಗೆ ಬಿಳಿ ಎಳೆಗಳು, ನೀರು ಅಲ್ಲಾಡಿದ ಕಡೆಗೆ ಅಲ್ಲಾಡುತ್ತಿದ್ದವು.

"ಅರಿಶಿನ ಹಚ್ಚೋ" ಅಂದರು ಅಮ್ಮ. ನೀರಲ್ಲಿರುವವನಿಗೆ ಅರಿಶಿನ ಹಚ್ಚಿದರೆ ನಿಲ್ಲುತ್ತಾ ಅಂತ ನಕ್ಕೆ. ಆಮೇಲೆ ನಾನು ಮಾಡಿದ್ದು ನೋಡಿದರೆ, ಅಮ್ಮನ ಮಾತು ಕೇಳಿದ್ದರೂ ಇಷ್ಟು ನಷ್ಟ ಆಗುತ್ತಿರಲಿಲ್ಲ.

ಗಾಡಿ ತಗೊಂಡು ಮೀನು ಮಾರುವ ಅಂಗಡಿಗೆ ಹೋದೆ. ಫೋಟೋ ನೋಡಿ ಅವರು ಅರ್ಧ ನಿಮಿಷ ಕೂಡ ತಗೊಳ್ಳಲಿಲ್ಲ. "ಫಂಗಸ್ ಸಾರ್. ಟ್ಯಾಂಕ್ ಎಲ್ಲಾ ಕ್ಲೀನ್ ಮಾಡಿ, ಫಿಲ್ಟರ್ ತೊಳೀರಿ, ಈ ಕ್ಯಾಪ್ಸೂಲ್ ಒಡೆದು ಹಾಕಿ, ದಿನಕ್ಕೊಂದು." ಮನುಷ್ಯರಿಗೆ ಕೊಡುವ ಟೆಟ್ರಾಸೈಕ್ಲಿನ್ ಅದು, ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್. ಒಳಗೆ ಹಳದಿ ಪುಡಿ. ಡಾಕ್ಟರ ಚೀಟಿ ಇಲ್ಲದೆ ಮನೆಯವರಿಗೆ ನಾನು ಇಂಥ ಮಾತ್ರೆ ಕೊಡುವವನಲ್ಲ. ಮೀನಿಗೆ ಅನ್ನುವಾಗ ಯಾಕೋ ಯೋಚನೆಯೇ ಬರಲಿಲ್ಲ.

ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ. ಫಿಲ್ಟರಿನ ಸ್ಪಂಜನ್ನು ನಗರಪಾಲಿಕೆ ನಲ್ಲಿಯ ಕೆಳಗೆ ಹಿಡಿದು, ಹಿಂಡಿ ಹಿಂಡಿ, ಬೆಳ್ಳಗಾಗುವ ತನಕ ತೊಳೆದೆ. ನೂರಿಪ್ಪತ್ತು ಲೀಟರಿನ ಟ್ಯಾಂಕಿಗೆ ಕ್ಯಾಪ್ಸೂಲ್ ಒಡೆದು ಸುರಿದೆ. ಸೋಮವಾರ ಇನ್ನೊಂದು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಮೇಲೆ ನೊರೆ. ಔಷಧ ಕೆಲಸ ಮಾಡ್ತಿದೆ ಅಂದುಕೊಂಡೆ.

ಮಂಗಳವಾರ ಸಂಜೆ ಆಫೀಸಿನಿಂದ ಬಂದರೆ ನಾಲ್ಕೂ ಮೀನುಗಳು ನೀರಿನ ಮೇಲೆ ಬಾಯಿ ಬಡಿಯುತ್ತಿದ್ದವು. ಗಾಯ ಆದವನೊಬ್ಬನೇ ಅಲ್ಲ, ಎಲ್ಲರೂ. ಆಗ ಹೆದರಿಕೆ ಆಯಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಹಳೆಯ ಗೆಳೆಯನೊಬ್ಬ ಇದ್ದಾನೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಶುಭಾಶಯ ಕಳಿಸುವಷ್ಟು ಸ್ನೇಹ ಉಳಿದಿತ್ತು. ಸಂಕೋಚ ಬಿಟ್ಟು ಫೋನ್ ಮಾಡಿದೆ.

"ನೀರು ಟೆಸ್ಟ್ ಮಾಡಿದ್ಯಾ?" ಅಂತ ಕೇಳಿದ. ಔಷಧದ ಹೆಸರನ್ನೂ ಕೇಳಲಿಲ್ಲ.

ಟೆಸ್ಟ್ ಕಿಟ್ ಇತ್ತು. ಒಂದು ವರ್ಷದ ಹಿಂದೆ ಆನ್‌ಲೈನಲ್ಲಿ ತರಿಸಿದ್ದು, ಸೀಲ್ ಕೂಡ ಒಡೆದಿರಲಿಲ್ಲ. ಗಾಜಿನ ನಳಿಕೆಗೆ ನೀರು ತುಂಬಿ ಹನಿ ಬಿಟ್ಟು ಐದು ನಿಮಿಷ ಕಾದೆ. ಹಳದಿ ಇದ್ದರೆ ಅಮೋನಿಯಾ ಇಲ್ಲ ಅಂತ ಅರ್ಥ. ನಮ್ಮದು ಕರಿಬೇವಿನ ಎಲೆಯ ಹಸಿರಿಗೆ ಬಂತು.

"ಎಂತ ಮಾರಾಯ ನೀನು! ಮನೆ ಕೆಲಸದವರನ್ನೆಲ್ಲ ಒಂದೇ ದಿನ ಓಡಿಸಿದ ಹಾಗೆ ಮಾಡಿದ್ದಿ" ಅಂದ. ಸ್ಪಂಜಿನಲ್ಲಿ ನಾನು ಕೊಳೆ ಅಂದುಕೊಂಡಿದ್ದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬದುಕಿದ್ದವು. ಮೀನು ಹೊರಗೆ ಬಿಡುವ ವಿಷದಂಥ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಅವೇ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಂದಿತು. ಉಳಿದವಕ್ಕೆ ಕ್ಯಾಪ್ಸೂಲ್. ಅದರ ಮೇಲೆ ಟ್ಯಾಂಕಿಗೆ ಹಾಕುವುದು ನಮ್ಮ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಸುಣ್ಣ ಬಳಿದ ಹಾಗೆ ಕಟ್ಟುವ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಟೆಟ್ರಾಸೈಕ್ಲಿನ್‌ಗೆ ಅಂಟಿಕೊಂಡು ಔಷಧ ಮೀನಿನ ಮೈ ಸೇರುವುದೇ ಕಷ್ಟವಂತೆ. ಅಷ್ಟಕ್ಕೂ ಫಂಗಸ್ಸಿಗೆ ಅದು ಔಷಧವೇ ಅಲ್ಲ. ನೀರಿನ ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾದ ವಿಷವೂ ಜಾಸ್ತಿ. ನಮ್ಮದು ಎಂಟರ ಹತ್ತಿರ.

ಆ ರಾತ್ರಿಯೇ ಅರ್ಧ ನೀರು ಬದಲಾಯಿಸಿದೆ. ಹನ್ನೊಂದೂವರೆಗೆ ಮಲಗಿದೆ. ಬುಧವಾರ ಬೆಳಿಗ್ಗೆ ಕಿಟ್ಟ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದ.

ಕಿಟ್ಟ ಬ್ಲ್ಯಾಕ್ ಮೂರ್, ಕಣ್ಣು ಹೊರಗೆ ಚಾಚಿಕೊಂಡ ಕಪ್ಪು ಮೀನು. ಕಪ್ಪಗಿದ್ದಾನೆ ಅಂತ ಮಗಳು ಇಟ್ಟ ಹೆಸರು. ಅವನಿಗೆ ಏನೂ ಆಗಿರಲಿಲ್ಲ. ಗಾಯ ಇಲ್ಲ, ರೋಗ ಇಲ್ಲ. ಗುಂಡನಿಗೆ ಕೊಟ್ಟ ಚಿಕಿತ್ಸೆಗೆ ಸತ್ತ. ಮಗಳು ಸ್ಕೂಲಿಗೆ ಹೋಗುವ ಮೊದಲು ದಾಸವಾಳದ ಕುಂಡದಲ್ಲಿ ಮಣ್ಣು ಮಾಡಿದೆವು. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆಮೇಲಿನ ಕೆಲಸವೆಲ್ಲ ಗೆಳೆಯ ಹೇಳಿದ ಹಾಗೆ. ಮೊದಲು ಹತ್ತಿರದಿಂದ ತೆಗೆದ ಫೋಟೋ ಕೇಳಿದ. ಬಾಯಿ ಸುತ್ತ ಬಿಳಿ ಇದೆಯಾ, ಬೆನ್ನಿಗೆ ತಡಿ ಹೊದಿಸಿದ ಹಾಗೆ ಮಾಸಲು ಪಟ್ಟೆ ಇದೆಯಾ ಅಂತ ವಿಚಾರಿಸಿದ. ಹಾಗಿದ್ದರೆ ಅದು ಹತ್ತಿಯ ಹಾಗೆ ಕಂಡರೂ ಫಂಗಸ್ ಅಲ್ಲ, ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ, ದಾರಿಯೇ ಬೇರೆ. ನಮ್ಮದು ಗಾಯದ ಮೇಲೆ ಮಾತ್ರ ಇತ್ತು. "ಇದು ಸ್ಯಾಪ್ರೊಲೆಗ್ನಿಯಾ, ಫಂಗಸ್ ಥರದ್ದು. ಗಾಯ ಇದ್ದಲ್ಲಿ ಬಂದು ಕೂರುವಂಥದ್ದು. ಗಾಯ ಹೇಗಾಯ್ತು ಅಂತ ಮೊದಲು ಹುಡುಕು. ಕೈಯಲ್ಲಿ ಕೊಯ್ದದ್ದು ಗಿಯ್ದದ್ದು ಉಂಟಾ? ಹಾಗಾದ್ರೆ ಗ್ಲೌಸ್ ಹಾಕ್ಕೋ." ಮೀನಿನ ನೀರಿನಿಂದ ನಮ್ಮ ಕೈಗೂ ಬರುವ, ತಿಂಗಳುಗಟ್ಟಲೆ ವಾಸಿಯಾಗದ ಒಂದು ಹುಣ್ಣು ಇದೆಯಂತೆ.

ಇಪ್ಪತ್ತು ಲೀಟರ್ ನೀರು ಹಿಡಿಯುವ ಟಬ್ಬಿನಲ್ಲಿ ಗುಂಡನ ಆಸ್ಪತ್ರೆ ತಯಾರಾಯಿತು. ಒಳಗೆ ಕಲ್ಲಿಲ್ಲ, ಗಿಡ ಇಲ್ಲ. ಗಾಳಿ ಬಿಡುವ ಒಂದು ಏರ್ ಸ್ಟೋನ್, ಅಷ್ಟೇ. ಉಪ್ಪಿಗೆ ಅಮ್ಮನ ಭರಣಿಯೇ ಗತಿ. ಪ್ಯಾಕೆಟ್ ಪುಡಿ ಉಪ್ಪು ಬೇಡ, ಕಲ್ಲುಪ್ಪು ಬೇಕು ಅಂದಿದ್ದ. ಲೀಟರಿಗೆ ಮೂರು ಗ್ರಾಂ. ಇಪ್ಪತ್ತಕ್ಕೆ ಅರವತ್ತು. ಒಂದೇ ಸಲ ಅಲ್ಲ, ಹನ್ನೆರಡು ಗಂಟೆಗೊಮ್ಮೆ ಇಪ್ಪತ್ತಿಪ್ಪತ್ತು ಗ್ರಾಂ, ಕರಗಿಸಿ.

"ಗಾಯಕ್ಕೆ ಉಪ್ಪಾ? ಉರಿಯಲ್ವೇನೋ?" ಅಂದರು ಅಮ್ಮ.

ಅಮ್ಮನಿಗೆ ಉಪ್ಪಿನಕಾಯಿ ಲೆಕ್ಕದಲ್ಲಿ ಹೇಳಿದೆ. ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮಾವಿನಕಾಯಿ ನೀರು ಬಿಡುತ್ತೆ ಅಲ್ವಾ? ಗುಂಡನದು ಅದರ ಉಲ್ಟಾ. ಅವನ ರಕ್ತದಲ್ಲಿ ಉಪ್ಪು ಜಾಸ್ತಿ, ಸುತ್ತಲಿನ ನೀರಲ್ಲಿ ಕಡಿಮೆ. ಅದಕ್ಕೆ ನೀರು ಸದಾ ಅವನ ಮೈಯೊಳಗೆ ನುಗ್ಗುತ್ತಲೇ ಇರುತ್ತೆ. ಅವನು ಮೂತ್ರ ಮಾಡಿ ಹೊರಗೆ ಹಾಕುತ್ತಲೇ ಇರಬೇಕು. ಚರ್ಮ, ಹುರುಪೆ, ಮೇಲಿನ ಲೋಳೆ ಅದಕ್ಕೆ ಗೋಡೆ. ಗೋಡೆಯಲ್ಲಿ ತೂತು ಬಿದ್ದರೆ ಇನ್ನೂ ಜಾಸ್ತಿ ನೀರು ಒಳಗೆ. ಹೊರಗಿನ ನೀರಿಗೆ ಒಂದಿಷ್ಟು ಉಪ್ಪು ಸೇರಿದರೆ ಅವನಿಗೆ ಆ ದುಡಿಮೆ ಕಡಿಮೆ. ಫಂಗಸ್ಸಿಗೂ ಉಪ್ಪು ಆಗಿಬರಲ್ಲ. ಅಮ್ಮ ಪೂರ್ತಿ ಒಪ್ಪಲಿಲ್ಲ. ಆದರೂ ಭರಣಿ ಕೊಟ್ಟರು. "ಒದ್ದೆ ಕೈ ಹಾಕ್ಬೇಡ" ಅಂತ ಹೇಳುವುದು ಮರೆಯಲಿಲ್ಲ.

ಬುಧವಾರ ರಾತ್ರಿ ಗಾಯಕ್ಕೆ ಮದ್ದು ಹಚ್ಚುವ ಕಾರ್ಯಕ್ರಮ. ಪೊವಿಡೋನ್ ಅಯೋಡಿನ್, ಒಂದು ಪಾಲಿಗೆ ಒಂಬತ್ತು ಪಾಲು ನೀರು. ಒಣಗಿದ ಕೈ ತಾಗಿದರೆ ಲೋಳೆ ಕಿತ್ತು ಬರುತ್ತೆ ಅಂತ ಹಳೇ ಪಂಚೆಯ ತುಂಡನ್ನು ಟಬ್ಬಿನ ನೀರಲ್ಲೇ ನೆನೆಸಿದ್ದೆ. ಅಮ್ಮ ಟಾರ್ಚ್ ಹಿಡಿದರು. ಹೆಂಡತಿ ಇಯರ್ ಬಡ್ ಹಿಡಿದು ನಿಂತಳು. ಮಗಳು ಇಪ್ಪತ್ತರ ತನಕ ಎಣಿಸಬೇಕು. ಬಟ್ಟೆಯೊಳಗೆ ಗುಂಡ ಒಂದು ಸಲ ಜೋರಾಗಿ ಒದ್ದಾಡಿದ. ಆಮೇಲೆ ಸುಮ್ಮನಾದ. ಕಿವಿರಿನ ಮುಚ್ಚಳ ತೆರೆದು ಮುಚ್ಚುವುದು ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಬಾಯಿ ತೆರೆದರೆ ಒಳಗೆ ಬೆಳ್ಳಗೆ. ಮದ್ದು ಕಣ್ಣಿಗೆ, ಕಿವಿರಿಗೆ ಹರಿಯಬಾರದು ಅಂತ ತಲೆಯ ಕಡೆ ಸ್ವಲ್ಪ ಮೇಲೆತ್ತಿ ಹಿಡಿದಿದ್ದೆ. ಹೆಂಡತಿ ಬಡ್ಡನ್ನು ಉಜ್ಜಲಿಲ್ಲ, ಒತ್ತಿ ಒತ್ತಿ ತೆಗೆದಳು. ಬಿಳಿ ಎಳೆಗಳು ಬಡ್ಡಿಗೆ ಸುತ್ತಿಕೊಂಡು ಬಂದವು, ಹಾಲಿನ ಕೆನೆಯ ಹಾಗೆ. ಕೆಳಗೆ ಗುಲಾಬಿ ಬಣ್ಣದ ಮಾಂಸ. ಮಗಳು ಹದಿನಾಲ್ಕು ಆದ ಮೇಲೆ ಎಣಿಕೆ ನಿಲ್ಲಿಸಿ ಅಳೋದಕ್ಕೆ ಶುರು ಮಾಡಿದಳು. ನೀರಿಗೆ ಬಿಟ್ಟೆ.

ಟಬ್ಬಿಗೆ ಮೆಥಿಲೀನ್ ಬ್ಲೂ ಅನ್ನುವ ಫಂಗಸ್ಸಿನ ನೀಲಿ ಮದ್ದು ಕೂಡ ಹಾಕಬೇಕಿತ್ತು. ಇದನ್ನು ದೊಡ್ಡ ಟ್ಯಾಂಕಿಗೆ ಹಾಕಬಾರದು, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಗಾಜಿನ ಸಿಲಿಕಾನ್ ಅಂಚೆಲ್ಲ ನೀಲಿಯಾಗುತ್ತೆ. ನಮ್ಮ ಬಚ್ಚಲಿನ ಮೊಸಾಯಿಕ್ ನೀಲಿಯಾಯಿತು. ಗ್ಲೌಸ್ ತೂತಾಗಿತ್ತೋ ಏನೋ, ನನ್ನ ಬೆರಳೂ ನೀಲಿ. ಆಫೀಸಿನಲ್ಲಿ "ಯಾವ ಎಲೆಕ್ಷನ್ ಸಾರ್?" ಅಂತ ಎಲ್ಲರೂ ಕೇಳಿದರು. ಮತದಾನದ ಶಾಯಿ ತಯಾರಾಗೋದು ಮೈಸೂರಿನಲ್ಲೇ. ನಮ್ಮದಕ್ಕೂ ಅಷ್ಟೇ ಬಾಳಿಕೆ ಇತ್ತು.

ಮುಂದಿನ ದಿನಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಟಬ್ಬಿಗೆ ಫಿಲ್ಟರ್ ಇಲ್ಲ, ಹಾಗಾಗಿ ದಿನಾ ಹತ್ತು ಲೀಟರ್ ತೆಗೆಯುವುದು, ಹತ್ತು ಹಾಕುವುದು. ತೆಗೆದ ನೀರಿನ ಜೊತೆ ಹೋದ ಮೂವತ್ತು ಗ್ರಾಂ ಉಪ್ಪು ಮತ್ತೆ ಸೇರಿಸುವುದು. ಇದನ್ನು ಒಂದು ದಿನ ಮರೆತೆ. ದೊಡ್ಡ ಟ್ಯಾಂಕಿನ ಇಬ್ಬರಿಗೂ ದಿನಾ ನೀರು ಬದಲಾಯಿಸಬೇಕಿತ್ತು. ಎರಡು ದಿನ ಗುಂಡನಿಗೆ ಉಪವಾಸ. ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ, ಅರ್ಧ ಕಾಳು.

ನಡುವೆ ಗಾಯದ ಮೂಲವೂ ಸಿಕ್ಕಿತು. ಮಗಳ ಹುಟ್ಟುಹಬ್ಬಕ್ಕೆ ತಂದಿದ್ದ ಪ್ಲಾಸ್ಟಿಕ್ ಕೋಟೆ. ಸಾಮಾನನ್ನು ಟ್ಯಾಂಕಿಗೆ ಇಡುವ ಮೊದಲು ತೆಳ್ಳನೆಯ ನೈಲಾನ್ ಬಟ್ಟೆ ಅದರ ಮೇಲೆ ಎಳೆದು ನೋಡಬೇಕು, ಸಿಕ್ಕಿಕೊಂಡರೆ ಮೀನಿಗೂ ಸಿಕ್ಕುತ್ತೆ ಅಂದಿದ್ದ ಗೆಳೆಯ. ಕೈಗೆ ಸಿಕ್ಕಿದ ದುಪಟ್ಟಾ ಎಳೆದೆ. ಕೋಟೆಯ ಕಿಟಕಿಯ ಅಂಚಿನಲ್ಲಿ ಚರ್ ಅಂತ ಹರಿಯಿತು. ಗುಂಡ ದಪ್ಪ ಆಗುವ ಮೊದಲು ಆ ಕಿಟಕಿಯಲ್ಲಿ ನುಸುಳಿ ಆಡುತ್ತಿದ್ದ. ದುಪಟ್ಟಾದ ವಿಷಯ ಹೆಂಡತಿಗೆ ಹೇಳುವುದಕ್ಕೆ ಎರಡು ದಿನ ತಗೊಂಡೆ.

ಐದನೇ ದಿನಕ್ಕೆ ಬಿಳಿ ಪೂರ್ತಿ ಹೋಯಿತು. ಗಾಯದ ಮೇಲೆ ತೆಳು ಪೊರೆ ಬಂದಿತ್ತು. ನಮಗೆ ಬರುವ ಹಾಗೆ ಹಕ್ಕಳೆ ಕಟ್ಟಲ್ಲ ಮೀನಿಗೆ, ಸುತ್ತಲಿನ ಚರ್ಮವೇ ಜರುಗಿ ಬಂದು ಮುಚ್ಚಿಕೊಳ್ಳುತ್ತೆ. ಖುಷಿಯಾಗಿದ್ದೆ. ಎಂಟನೇ ದಿನ ನೋಡಿದರೆ ಗಾಯದ ಅಂಚು ಕಪ್ಪಗಾಗಿದೆ. ಕಾಡಿಗೆಯಷ್ಟು ಕಪ್ಪು. ಕೊಳೆಯಿತು ಅಂದುಕೊಂಡೆ. ಫೋಟೋ ಕಳಿಸುವಾಗ ಕೈ ನಡುಗುತ್ತಿತ್ತು.

"ಕಪ್ಪು ಬಂತಾ? ಒಳ್ಳೇದಾಯ್ತು. ಇನ್ನು ಮದ್ದು ಸಾಕು" ಅಂತ ಉತ್ತರ. ಗೋಲ್ಡ್‌ಫಿಶ್‌ಗಳಲ್ಲಿ ಗಾಯ ಮಾಯುವ ಜಾಗಕ್ಕೆ ಕಪ್ಪು ಬಣ್ಣದ ಕೋಶಗಳು ಬಂದು ಸೇರುತ್ತವೆ. ಎಷ್ಟೋ ಜನ ಅದನ್ನೇ ಹೊಸ ರೋಗ ಅಂದುಕೊಂಡು ಮತ್ತೆ ಮದ್ದು ಸುರಿಯುತ್ತಾರಂತೆ. ಆ ಎಷ್ಟೋ ಜನರಲ್ಲಿ ನಾನೂ ಒಬ್ಬನಾಗುತ್ತಿದ್ದೆ. ಮಿಕ್ಕ ಕ್ಯಾಪ್ಸೂಲುಗಳು ಇನ್ನೂ ಶೆಲ್ಫಿನಲ್ಲೇ ಇದ್ದವು.

ಉಪ್ಪನ್ನು ನಿಧಾನವಾಗಿ ಇಳಿಸಿ, ಹನ್ನೆರಡನೇ ದಿನ ಗುಂಡನನ್ನು ಟ್ಯಾಂಕಿಗೆ ಬಿಟ್ಟೆವು. ಅಮೋನಿಯಾ ಟೆಸ್ಟ್ ಹಳದಿಗೆ ಬಂದಿರಲಿಲ್ಲ, ತಿಳಿ ಹಸಿರು ಇನ್ನೂ ಇತ್ತು. ಗುಂಡ ಒಂದು ಸುತ್ತು ಹಾಕಿ, ನೇರ ಗಾಜಿನ ಹತ್ತಿರ ಬಂದು ಮೂತಿ ಒತ್ತಿದ. ಬೆನ್ನಿನ ಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚುಕ್ಕೆ.

"ದೃಷ್ಟಿ ಬೊಟ್ಟು ಇಟ್ಟ ಹಾಗಿದೆ ನೋಡು" ಅಂದರು ಅಮ್ಮ, ಮೊಮ್ಮಗಳಿಗೆ.

ಅವಳು ಬಹಳ ಹೊತ್ತು ನೋಡಿದಳು. "ಕಿಟ್ಟ ಪೂರ್ತಿ ಕಪ್ಪಿದ್ದನಲ್ಲ ಅಜ್ಜಿ, ಅವನಿಗ್ಯಾಕೆ ದೃಷ್ಟಿ ಆಯ್ತು?"

ಅಮ್ಮ ನನ್ನ ಮುಖ ನೋಡಿದರು. ನಾನು ಪೈಪು, ಬಕೆಟ್ಟು ತಗೊಂಡು ನೀರು ತೆಗೆಯುವುದಕ್ಕೆ ಕೂತೆ.