ಹೊಸನೀರಿನ ಹಾದಿ: ನರಸಾಪುರದಿಂದ ಬೇತಮಂಗಲದವರೆಗೆ

ಕೋಲಾರ ಸೀಮೆಯ ಕೆರೆಗಳಿಗೆ ನೀರು ಬರುವುದು ತಡವಾಗಿ. ಮುಂಗಾರು ಇಲ್ಲಿ ನೆಲ ನೆನೆಸಿ ಹೋಗುತ್ತದೆ. ಕೆರೆಯನ್ನು ತುಂಬಿಸುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ; ಕೆಲವು ವರ್ಷ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತರುವ ನವೆಂಬರಿನ ಜಡಿಮಳೆ. ಕೆರೆ ತುಂಬಿದಾಗ ಊರಿಗೆ ಊರೇ ಏರಿಯ ಮೇಲೆ ಸೇರುತ್ತದೆ, ಬಾಗಿನ ಬಿಡುತ್ತದೆ. ಆ ನೀರು ಯಾವ ತಿಂಗಳು ಬಂತು, ಎಷ್ಟು ಬೇಗ ಏರಿತು, ಎಷ್ಟು ಬೇಗ ಇಳಿಯಲಿದೆ ಎಂಬುದು ಅದರೊಳಗಿನ ಮೀನಿಗೆ ಜೀವನ್ಮರಣದ ಪ್ರಶ್ನೆ. ಅದನ್ನು ಕೆರೆಯವರ ಬಾಯಿಂದಲೇ ಕೇಳಬೇಕೆಂದು ದಸರೆ ಕಳೆದ ಮೇಲೆ ಬೆಂಗಳೂರಿನಿಂದ ಕೋಲಾರದ ಬಸ್ ಹಿಡಿದೆ. ಬಂಗಾರಪೇಟೆಯ ಗೆಳೆಯ ನರಸಾಪುರದಲ್ಲಿ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

ನರಸಾಪುರದ ಕೆರೆಯ ಕಥೆ ಬೇರೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಯಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದ ನೀರು ಇಲ್ಲಿಗೂ ಬಂತು. ಜಾಲಿ ಬೆಳೆದು ದನ ಮೇಯುತ್ತಿದ್ದ ಅಂಗಳದಲ್ಲಿ ಈಗ ನೀರು ನಿಂತಿದೆ. ಸುತ್ತಲ ಕೊಳವೆಬಾವಿಗಳಿಗೆ ಇದರಿಂದ ಜೀವ ಬಂದಿದೆ ಎಂದು ರೈತರು ಹೇಳುತ್ತಾರೆ. ಆ ಮಾತನ್ನು ನಾನು ಲಘುವಾಗಿ ನೋಡುವುದಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆ ಇದು.

ಏರಿಯ ಕೆಳಗೆ ಹೊಂಗೆ ಮರದ ನೆರಳಿನಲ್ಲಿ ಇಬ್ಬರು ಬಲೆ ಹೆಣೆಯುತ್ತಿದ್ದರು. ಹಿರಿಯರನ್ನು, "ಯಜಮಾನರೇ, ವರ್ಷವಿಡೀ ನೀರಿದೆಯಲ್ಲ, ಮೀನಿಗೆ ಒಳ್ಳೆಯದೇ ಆಗಿರಬೇಕು?" ಎಂದು ಕೇಳಿದೆ.

"ತೂಕಕ್ಕೆ ಒಳ್ಳೆಯದು ಸ್ವಾಮಿ. ಬಿಟ್ಟ ಮರಿ ಬೆಳೆಯಲು ಸಮಯ ಸಿಗುತ್ತದೆ. ಆದರೆ ಬಲೆ ಎಳೆದರೆ ಅರ್ಧಕ್ಕರ್ಧ ಜಿಲೇಬಿ ಮೀನು. ಮೊದಲು ಬೇಸಿಗೆಯಲ್ಲಿ ಕೆರೆ ಬತ್ತುತ್ತಿತ್ತು. ಇದ್ದದ್ದೆಲ್ಲ ಹಿಡಿದು ಮುಗಿಸುತ್ತಿದ್ದೆವು. ಮಳೆ ಬಂದ ಮೇಲೆ ಹೊಸ ಸಂಸಾರ. ಈಗ ಹಳೆಯದು ಹೋಗುವುದೇ ಇಲ್ಲ."

ಅವರು ಎರಡು ವಾಕ್ಯದಲ್ಲಿ ಹೇಳಿದ್ದರ ಹಿಂದೆ ದೊಡ್ಡ ವಿಷಯವಿದೆ. ಜಿಲೇಬಿ, ಅಂದರೆ ತಿಲಾಪಿಯಾ, 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕಾ ಮೂಲದ ಮೀನು. ಅಂಚಿನ ತೆಳುನೀರಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ, ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ನೀರಿನ ಮಟ್ಟ ಏರದೆ ಇಳಿಯದೆ ಒಂದೇ ಸಮನೆ ನಿಂತರೆ ಅದಕ್ಕೆ ವರ್ಷದಲ್ಲಿ ಹಲವು ಸಲ ಮರಿ ಮಾಡಲು ತೊಂದರೆಯೇ ಇಲ್ಲ. ಸಂಖ್ಯೆ ಹೆಚ್ಚಿ ಮೇವು ಸಾಲದೆ ಅಂಗೈಯಗಲಕ್ಕೇ ಬೆಳವಣಿಗೆ ನಿಂತುಹೋಗುತ್ತದೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಒಮ್ಮೆ ಇಂಥ ನೀರಿಗೆ ಸೇರಿದರೆ ಅದನ್ನು ತೆಗೆಯುವುದು ಇನ್ನೂ ಕಷ್ಟ.

ಬತ್ತುವ ಕೆರೆಯಲ್ಲಿ ನಡೆಯುವುದೇ ಬೇರೆ. ಒಣಗಿದ ಅಂಗಳದಲ್ಲಿ ಹುಲ್ಲು ಹುಟ್ಟುತ್ತದೆ, ದನಕುರಿಗಳ ಗೊಬ್ಬರ ಬೀಳುತ್ತದೆ, ಕೆಸರಿಗೆ ಗಾಳಿಬಿಸಿಲು ತಾಗುತ್ತದೆ. ಅದರ ಮೇಲೆ ಹೊಸನೀರು ನಿಂತಾಗ ಹುಲ್ಲು ಗೊಬ್ಬರ ಕೊಳೆತು, ಅದರ ಸಾರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದನ್ನು ತಿನ್ನುವ ಸಣ್ಣ ಹುಳ, ಅದನ್ನು ತಿನ್ನುವ ಮೀನುಮರಿ ಒಂದರ ಬೆನ್ನಿಗೆ ಒಂದು ಬರುತ್ತವೆ. ನದಿಗಳ ನೆರೆಬಯಲಿನ ಬಗ್ಗೆ ಜಂಕ್, ಬೇಲಿ, ಸ್ಪಾರ್ಕ್ಸ್ ಎಂಬ ವಿಜ್ಞಾನಿಗಳು 1989ರಲ್ಲಿ ಮುಂದಿಟ್ಟ ವಿಚಾರ ಇದೇ ನೆಲೆಯದು: ನೀರು ಏರಿ ನೆಲವನ್ನು ಆವರಿಸಿ ಮತ್ತೆ ಇಳಿಯುವ ಮಿಡಿತವೇ ಮೀನಿನ ಸಮೃದ್ಧಿಯ ಮೂಲ. ನಮ್ಮ ಕೆರೆ ಅಂಗಳಕ್ಕೂ ಅದು ಸಲ್ಲುತ್ತದೆ ಎಂದು ನನಗೆ ಆ ಮರದಡಿಯಲ್ಲಿ ಕುಳಿತಾಗ ಖಚಿತವಾಯಿತು.

ಇನ್ನೊಂದು ಸಂಗತಿಯನ್ನು ಕಿರಿಯವನು ಹೇಳಿದ. ಮೋಡ ಮುಚ್ಚಿದ ದಿನಗಳಲ್ಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತದಂತೆ. ರಂಜಕ, ಸಾರಜನಕ ಹೆಚ್ಚಿರುವ ನೀರಿನಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿ ಅದನ್ನು ಉಸಿರಾಡಿ ಮುಗಿಸುತ್ತದೆ. "ಆಗ ನೀವೇನು ಮಾಡುತ್ತೀರಿ?" ಎಂದೆ. "ಬಲಿತ ಮೀನನ್ನು ಅವತ್ತೇ ಹಿಡಿದುಬಿಡುತ್ತೇವೆ ಅಣ್ಣ. ಬಿಟ್ಟರೆ ನಾಳೆ ತೇಲುತ್ತದೆ" ಎಂದ. ಕೊರಮೀನು, ಚೇಳುಮೀನುಗಳಿಗೆ ಈ ಕಷ್ಟ ಕಡಿಮೆ. ಅವು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು.

ಕೋಲಾರದಲ್ಲಿ ಊಟಕ್ಕೆ ಮಾತ್ರ ನಿಂತೆವು. ಮುದ್ದೆ, ಹುಣಸೆಹುಳಿ ಮುಂದಾದ ಕೆರೆಮೀನಿನ ಸಾರು. ಅಂತರಗಂಗೆ ಬೆಟ್ಟವನ್ನು ದೂರದಿಂದಲೇ ನೋಡಿ ಬಂಗಾರಪೇಟೆಯ ದಾರಿ ಹಿಡಿದೆವು.

ದಾರಿಯಲ್ಲಿ ಒಂದು ಸಣ್ಣ ಕೆರೆ ಕೋಡಿ ಬಿದ್ದಿತ್ತು. ಅಲ್ಲಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ನಿಂತೆವು. ಕಲ್ಲುಕಟ್ಟೆಯ ಮೇಲಿಂದ ಗೇಣುದ್ದದ ನೀರು ಹಾಸಿಕೊಂಡು ಇಳಿಯುತ್ತಿತ್ತು. ಕೆಳಗೆ ಕಾಲುವೆಯಲ್ಲಿ ಹುಡುಗರು ಬೀಸುಬಲೆ ಹಿಡಿದು ನಿಂತಿದ್ದರು, ಒಬ್ಬ ಸೊಳ್ಳೆಪರದೆಯನ್ನೇ ಅಡ್ಡ ಹಿಡಿದಿದ್ದ. ಹೊಸನೀರು ಬಿದ್ದ ಕೂಡಲೇ ಕೆರೆಯ ಸಣ್ಣಮೀನು ಹರಿವಿಗೆ ಎದುರಾಗಿ ಏರುತ್ತದೆ. ಗೇಣುನೀರು ನಿಂತ ಹುಲ್ಲಿಗೆ, ಗದ್ದೆಯ ಬದುವಿಗೆ ಸೇರಿ ಮೊಟ್ಟೆಯಿಡುವುದೇ ಅದರ ಗುರಿ. ಅಲ್ಲಿ ನೀರು ಬೆಚ್ಚಗಿರುತ್ತದೆ, ಮರಿಗೆ ಮೇವು ಸಿಗುತ್ತದೆ, ದೊಡ್ಡ ಮೀನಿನ ಕಾಟ ಕಡಿಮೆ. ಹುಡುಗರ ಬುಟ್ಟಿಯಲ್ಲಿದ್ದ ಮೀನುಗಳ ಹೊಟ್ಟೆ ಮೊಟ್ಟೆಯಿಂದ ಉಬ್ಬಿತ್ತು. ಅವರ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ, ಆದರೂ ಹೇಳಿದೆ: "ಸೊಳ್ಳೆಪರದೆ ಬೇಡ ಕಣಪ್ಪ, ಅದರಲ್ಲಿ ಮುಂದಿನ ವರ್ಷದ ಮೀನೂ ಸಿಕ್ಕಿಬೀಳುತ್ತದೆ." ಬಲೆ ಹಿಡಿದವನು ತಲೆಯಾಡಿಸಿದ, ಪರದೆಯವನು ಕೇಳಿಸಿಕೊಳ್ಳಲಿಲ್ಲ.

ಕೋಡಿಗೆ ಅಡ್ಡಲಾಗಿ ಗೂಟ ನೆಟ್ಟು ಬಲೆ ಕಟ್ಟಿದ್ದರು. ಈ ಬಲೆಯ ಬಗ್ಗೆ ಊರಿನಲ್ಲಿ ಜಗಳವೂ ಇತ್ತು. ಕೆರೆಯ ಗುತ್ತಿಗೆ ಹಿಡಿದವನು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾನೆ. ಕೋಡಿ ಬಿದ್ದರೆ ಅವನ ಕಾಟ್ಲಾ, ರೋಹು ಕೆಳಗಿನ ಕೆರೆಗೆ ಇಳಿದು ಅಲ್ಲಿಯವರ ಪಾಲಾಗುತ್ತದೆ. ಬಲೆ ಕಟ್ಟದೆ ಅವನಿಗೆ ಗತಿಯಿಲ್ಲ. ಆದರೆ ಬಲೆಗೆ ಜೊಂಡು, ಕಸ, ಪ್ಲಾಸ್ಟಿಕ್ ಬಂದು ಅಡರಿದರೆ ನೀರು ಹೋಗುವ ದಾರಿ ಮುಚ್ಚುತ್ತದೆ, ಮಟ್ಟ ಏರುತ್ತದೆ, ಏರಿಯ ಮೇಲೆ ಒತ್ತಡ ಬೀಳುತ್ತದೆ. ಅಲ್ಲಿದ್ದ, ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಕಟುವಾಗಿಯೇ ಮಾತನಾಡಿದರು: "ಮೀನು ಹೋದರೆ ಒಬ್ಬನ ನಷ್ಟ. ಏರಿ ಹೋದರೆ ಕೆಳಗಿನ ಊರುಗಳೆಲ್ಲ ಹೋಗುತ್ತವೆ." ನನ್ನ ಮನಸ್ಸು ನೀರುಗಂಟಿಯವರ ಕಡೆಗಿದೆ. 1903ರ ನವೆಂಬರಿನಲ್ಲಿ ಪಾಲಾರ್ ನದಿಯ ನೆರೆ ತಮಿಳುನಾಡಿನ ವಾಣಿಯಂಬಾಡಿಯನ್ನು ಕೊಚ್ಚಿಹಾಕಿತು. ಮೇಲಿನ ಮೈಸೂರು ಸೀಮೆಯ ಕೆರೆಗಳು ಒಡೆದದ್ದು ಆ ನೆರೆಯ ಹಿಂದಿತ್ತು. ಸರಪಳಿಯಂತೆ ಜೋಡಿಸಿದ ಕೆರೆಗಳಲ್ಲಿ ಮೇಲಿನ ಒಂದು ಏರಿ ಒಡೆದರೆ ಕೆಳಗಿನದ್ದಕ್ಕೆ ತಾಳುವ ಶಕ್ತಿ ಇರುವುದಿಲ್ಲ. ಬಲೆ ಕಟ್ಟಲೇಬೇಕಾದರೆ ದೊಡ್ಡ ಕಣ್ಣಿನ ಬಲೆ ಕಟ್ಟಿ, ಮಳೆಯ ರಾತ್ರಿ ಒಬ್ಬ ಆಳು ಕಸ ತೆಗೆಯುತ್ತ ಕಾಯಬೇಕು.

ಬೇತಮಂಗಲ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ವಿಜಯಾದಿತ್ಯಮಂಗಲವೆಂಬ ಹಳೆಯ ಹೆಸರಿನ ಊರು, ಪಾಲಾರ್ ಹಾದಿಯ ದೊಡ್ಡ ಕೆರೆ. ಕೆಜಿಎಫ್ ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. 2021ರ ನವೆಂಬರಿನ ಮಳೆಗೆ ಪಾಲಾರ್ ಹರಿದಾಗ ಇಲ್ಲಿನವರು ಕಂಡ ನೀರಿನ ಮಾತು ಇನ್ನೂ ಮುಗಿದಿಲ್ಲ.

ಮೀನುಗಾರರ ಸಂಘದ ಹಿರಿಯರೊಬ್ಬರು ಹರಿಗೋಲಿನಲ್ಲಿ ಕೂರಿಸಿಕೊಂಡು ಅಂಚಿನುದ್ದಕ್ಕೂ ಕರೆದೊಯ್ದರು. ಮುಳುಗಿದ ಬಳ್ಳಾರಿ ಜಾಲಿಯ ತಲೆಗಳು ನೀರಿನಿಂದ ಎದ್ದಿದ್ದವು. ಅವುಗಳ ಮುಳ್ಳಿಗೆ ಬಲೆ ಹರಿಯುತ್ತದೆ, ಹಾಗಾಗಿ ಅತ್ತ ಬಲೆ ಬಿಡುವುದಿಲ್ಲ. ಕೊರಮೀನಿಗೆ ಆ ಜಾಗವೇ ಆಸರೆ. ಜೊಂಡಿನ ನಡುವೆ ಗೂಡು ತೆರವು ಮಾಡಿ ಮೊಟ್ಟೆಯಿಟ್ಟು ತಂದೆತಾಯಿ ಎರಡೂ ಕಾಯುತ್ತವೆ. ಕೆಂಪಗಿನ ಮರಿಗಳ ಹಿಂಡು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ದೊಡ್ಡದಿದೆ ಎಂದೇ ಅರ್ಥ. "ಆಗ ಗಾಳ ಹಾಕಿದರೆ ಸಿಟ್ಟಿನಿಂದ ಕಚ್ಚುತ್ತದೆ. ನಮ್ಮಪ್ಪ ಹಾಗೆ ಹಿಡಿಯಲು ಬಿಡುತ್ತಿರಲಿಲ್ಲ, ಮರಿಗಳನ್ನು ಉಳಿದವು ತಿಂದುಬಿಡುತ್ತವೆ ಎನ್ನುತ್ತಿದ್ದರು" ಎಂದರು.

ನಾನು ಕೇಳಬೇಕೆಂದಿದ್ದ ಮುಖ್ಯ ಪ್ರಶ್ನೆಯನ್ನು ಅಲ್ಲಿ ಕೇಳಿದೆ: ಕಾಟ್ಲಾ, ರೋಹು ಇಲ್ಲಿ ತಾವಾಗಿಯೇ ಮರಿ ಮಾಡುತ್ತವೆಯೇ? ಇಲ್ಲ. ಕಾಟ್ಲಾ, ರೋಹು, ಮೃಗಾಲ್ ನದಿಯ ಮೀನುಗಳು. ಮುಂಗಾರಿನ ನೆರೆ ದಡ ಮೀರಿ ಹರಡಿದಾಗ, ಹರಿವಿರುವ ತೆಳುನೀರಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆ ಯಾವುದಕ್ಕೂ ಅಂಟದೆ ಹರಿವಿನಲ್ಲಿ ತೇಲುತ್ತ ಒಂದು ದಿನದೊಳಗೆ ಮರಿಯಾಗುತ್ತದೆ. ನಿಂತ ಕೆರೆಯಲ್ಲಿ ಹೊಟ್ಟೆ ತುಂಬ ಮೊಟ್ಟೆ ಹೊತ್ತಿದ್ದರೂ ಇಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಮತ್ತು ಆಲಿಕುಂಞಿ ಒಡಿಶಾದಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಕೆರೆಕೆರೆಗೆ ಮರಿ ಬಿಡುವುದು ಸಾಧ್ಯವಾಯಿತು. ಸಾಮಾನ್ಯ ಗೆಂಡೆ ಮಾತ್ರ ನಿಂತ ನೀರಿನಲ್ಲೂ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಮರಿ ಹೊರಬರಲು ಬೇಕಾದ ಎರಡು ಮೂರು ದಿನಗಳಲ್ಲಿ ತೂಬು ಜೋರಾಗಿ ಎತ್ತಿದರೆ ಆ ಜೊಂಡು ನೀರಿನಿಂದ ಹೊರಗೆ ಉಳಿದು ಮೊಟ್ಟೆ ಒಣಗುತ್ತದೆ.

ಕೋಲಾರದ ಸಂಕಟ ಇಲ್ಲಿಯೇ ಇದೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಮರಿ ಸಿಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಕೆರೆಗೆ ನೀರು ಬರುವುದು ಅಕ್ಟೋಬರಿನಲ್ಲಿ. "ಮರಿ ಇದ್ದಾಗ ನೀರಿಲ್ಲ, ನೀರು ಬಂದಾಗ ಮರಿಯಿಲ್ಲ" ಎಂದು ಹಿರಿಯರು ಹೇಳಿದಾಗ ಅವರ ದನಿಯಲ್ಲಿ ದಣಿವಿತ್ತು. ತಡವಾಗಿ ಸಿಕ್ಕ ಚಿಕ್ಕ ಮರಿಯನ್ನು ಬಿಟ್ಟರೆ ಅರ್ಧದಷ್ಟನ್ನು ಕೊರಮೀನು, ನೀರುಕಾಗೆಗಳು ತಿನ್ನುತ್ತವೆ. ಉಳಿದವು ಚಳಿಗಾಲದಲ್ಲಿ ನಿಧಾನವಾಗಿ ಬೆಳೆದು, ಚುರುಕಾಗುವ ಹೊತ್ತಿಗೆ ಬೇಸಿಗೆಯ ನೀರು ತಳ ಕಂಡಿರುತ್ತದೆ.

ಅದಕ್ಕೆ ಸಂಘದವರು ಕಂಡುಕೊಂಡಿರುವ ದಾರಿಯನ್ನು ದಡಕ್ಕೆ ಬಂದ ಮೇಲೆ ತೋರಿಸಿದರು. ಬೋರ್‌ವೆಲ್ ಇರುವ ರೈತರೊಬ್ಬರ ತೋಟದ ಮೂಲೆಯಲ್ಲಿ ಪಾಲನಾ ಕೊಳ. ಆಗಸ್ಟಿನಲ್ಲೇ ಮರಿ ತಂದು ಅಕ್ಕಿತೌಡು, ಕಡಲೆಕಾಯಿ ಹಿಂಡಿ ಹಾಕಿ ಬೆರಳುದ್ದ ದಾಟುವವರೆಗೆ ಸಾಕುತ್ತಾರೆ, ಕೆರೆಗೆ ನೀರು ಬಂದ ಮೇಲೆ ಬಿಡುತ್ತಾರೆ. ಮಳೆ ಕೈಕೊಟ್ಟ ವರ್ಷ ಅದೇ ಮರಿಯನ್ನು ನೀರಿರುವ ಕೆರೆಯವರಿಗೆ ಮಾರಬಹುದು. ಇಂಥ ಕೊಳ ಪ್ರತಿ ದೊಡ್ಡ ಕೆರೆಯ ಬಳಿಯೂ ಬೇಕು, ಗುತ್ತಿಗೆಯ ಷರತ್ತಿನಲ್ಲೇ ಅದನ್ನು ಬರೆಯಬೇಕು ಎಂಬುದು ನನ್ನ ಒತ್ತಾಯ. ಅದರ ಜೊತೆಗೆ, ಕೆರೆಯ ನೀರು ತೂಬಿನ ತಳಕ್ಕೆ ಇಳಿಯುವ ಮುಂಚೆ ಹೊರಬಿಡುವುದನ್ನು ನಿಲ್ಲಿಸಲು ಒಂದು ಗುರುತು ಬೇಕು; ಅದನ್ನು ರೈತರೂ ಮೀನುಗಾರರೂ ಒಟ್ಟಿಗೆ ಕುಳಿತು ಇಡಬೇಕು. "ಆ ಮಾತು ಎತ್ತಿದ್ದೇವೆ ಸ್ವಾಮಿ, ರೈತರು ಒಪ್ಪುವಂತೆ ಕಾಣುತ್ತಿದೆ. ಸಂಕ್ರಾಂತಿ ಆದ ಮೇಲೆ ಸಭೆ ಇದೆ, ನೀವೂ ಬನ್ನಿ" ಎಂದರು. ಬರುತ್ತೇನೆಂದು ಹೇಳಿ, ಗೆಳೆಯ ಮನೆಗೆಂದು ಎರಡು ಗೆಂಡೆ ತೂಗಿಸಿಕೊಂಡ ಮೇಲೆ ಬಂಗಾರಪೇಟೆಗೆ ಹೊರಟೆವು.